ತೂಕದ ಮಗು: ಹೆಮ್ಮೆಯ ಜತೆಗೊಂದು ಎಚ್ಚರ

ಹೆರಿಗೆ ವಾರ್ಡಿನ ಬಾಗಿಲು ತೆರೆದು ದಾದಿ ಹೊರಗೆ ಬಂದರೆ ಸಾಕು, ಬೆಂಚಿನ ಮೇಲೆ ಕುಳಿತವರೆಲ್ಲ ಎದ್ದು ನಿಲ್ಲುತ್ತಾರೆ. 'ಗಂಡೋ, ಹೆಣ್ಣೋ?' ಎಂಬುದು ಮೊದಲ ಪ್ರಶ್ನೆ. ಎರಡನೆಯದು 'ತಾಯಿ ಹೇಗಿದ್ದಾಳೆ?' ಎಂದಿರಬೇಕಿತ್ತು. ಆದರೆ ಅನೇಕ ಸಲ ಅದಕ್ಕೂ ಮುಂಚೆ 'ತೂಕ ಎಷ್ಟು?' ಎಂಬ ಪ್ರಶ್ನೆ ನುಗ್ಗಿಬಿಡುತ್ತದೆ. 'ನಾಲ್ಕು ಕೆ.ಜಿ. ಇನ್ನೂರು ಗ್ರಾಂ' ಎಂಬ ಉತ್ತರ ಬಂದರಂತೂ ಅಜ್ಜಿಯ ಮುಖ ಊರಗಲವಾಗುತ್ತದೆ. ತವರಿಗೆ ಬಂದ ಮಗಳನ್ನು ಚೆನ್ನಾಗಿ ನೋಡಿಕೊಂಡದ್ದಕ್ಕೆ ಸಿಕ್ಕ ಸರ್ಟಿಫಿಕೇಟು ಅದು! ದೃಷ್ಟಿ ತಾಗೀತೆಂದು ಕೂಸಿನ ಕೆನ್ನೆಗೆ ಕಪ್ಪು ಬೊಟ್ಟು ಇಡಲು ಆಗಲೇ ಸಿದ್ಧತೆ ನಡೆದಿರುತ್ತದೆ.

ಅದೇ ಹೊತ್ತಿಗೆ ಒಳಗೆ ಮಕ್ಕಳ ವೈದ್ಯರು ಆ ಕೂಸಿನ ಹಿಮ್ಮಡಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತ ತೆಗೆದು, ಸಕ್ಕರೆಯ ಅಂಶ ನೋಡುತ್ತಿರುತ್ತಾರೆ. ಗುಂಡುಗುಂಡಗಿರುವ ಮಗುವಿಗೆ ಇದೆಂಥ ಪರೀಕ್ಷೆ? ತಾಯಿಗೆ ಸಕ್ಕರೆ ಕಾಯಿಲೆಯಿಲ್ಲ, ರಕ್ತದೊತ್ತಡವಿಲ್ಲ, ಒಂಬತ್ತು ತಿಂಗಳೂ ನೆಟ್ಟಗೆ ಓಡಾಡಿಕೊಂಡಿದ್ದವಳು. ಅವಳಿಗೆ ಹುಟ್ಟಿದ ಮಗು ದಪ್ಪಗಿದ್ದರೆ ವೈದ್ಯರಿಗೇಕೆ ಚಿಂತೆ?

ಚಿಂತೆಗೆ ಕಾರಣವಿದೆ. ಹಾಗೆಂದು ದಪ್ಪಗೆ ಹುಟ್ಟಿದ ಮಗುವೆಲ್ಲ ಕಾಯಿಲೆಯ ಮಗುವಲ್ಲ ಎಂಬ ಮಾತನ್ನೂ ಮೊದಲೇ ಹೇಳಿಬಿಡಬೇಕು. ಬಹುಪಾಲು ದೊಡ್ಡ ಮಕ್ಕಳು ಯಾವ ತೊಂದರೆಯೂ ಇಲ್ಲದೆ ಹುಟ್ಟಿ ಬೆಳೆಯುತ್ತವೆ. ಆದರೆ ತೂಕ ಎಂಬುದು ಎಲ್ಲಿಂದ ಬಂತು ಎಂದು ಕೇಳುವುದು ಒಳ್ಳೆಯದು. ಎತ್ತರದ ತಂದೆತಾಯಿಗಳಿಂದ ಬಂದ ತೂಕವೇ ಬೇರೆ, ತಾಯಿಯ ರಕ್ತದಲ್ಲಿ ಮಿಕ್ಕ ಸಕ್ಕರೆಯಿಂದ ಬಂದ ತೂಕವೇ ಬೇರೆ. ತಕ್ಕಡಿಗೆ ಎರಡೂ ಒಂದೇ!

ದೊಡ್ಡದು ಎಂದರೆ ಎಷ್ಟು?

ಹುಟ್ಟುವಾಗ 4 ಕೆ.ಜಿ.ಗಿಂತ ಹೆಚ್ಚು ತೂಗುವ ಮಗುವಿಗೆ ವೈದ್ಯಶಾಸ್ತ್ರದಲ್ಲಿ 'ಮ್ಯಾಕ್ರೊಸೋಮಿಯ' ಎಂಬ ಹೆಸರಿದೆ. ಗ್ರೀಕ್ ಭಾಷೆಯ ಈ ಪದದ ಅರ್ಥ 'ದೊಡ್ಡ ಮೈ' ಎಂದಷ್ಟೆ. ಕೆಲವರು ಈ ಗೆರೆಯನ್ನು 4.5 ಕೆ.ಜಿ.ಗೆ ಎಳೆಯುತ್ತಾರೆ. ಇನ್ನೊಂದು ಅಳತೆಯೂ ಉಂಟು. ಶಾಲೆಯ ಡ್ರಿಲ್ ಕ್ಲಾಸಿನಲ್ಲಿ ಮಕ್ಕಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸುವಂತೆ, ಅಷ್ಟೇ ವಾರ ತುಂಬಿ ಹುಟ್ಟಿದ ನೂರು ಕೂಸುಗಳನ್ನು ತೂಕದ ಪ್ರಕಾರ ಸಾಲಾಗಿ ಇಟ್ಟರೆ, ಸಾಲಿನ ಕೊನೆಯ ಹತ್ತು 'ದಿನಕ್ಕೆ ಮೀರಿ ಬೆಳೆದವು' ಎನಿಸಿಕೊಳ್ಳುತ್ತವೆ.

ಈ ಎರಡನೆಯ ಅಳತೆಯೇ ನಮಗೆ ಹೆಚ್ಚು ಉಪಯುಕ್ತ. ಏಕೆಂದರೆ ಸಾಲು ಯಾವ ಊರಿನದು ಎಂಬುದರ ಮೇಲೆ ಕೊನೆಯ ಹತ್ತರ ತೂಕ ನಿಂತಿರುತ್ತದೆ. ಪುಣೆಯ ಸುತ್ತಲಿನ ಹಳ್ಳಿಗಳ ಕೂಸುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ ಪಟ್ಟಣದ ಕೂಸುಗಳೊಡನೆ ಹೋಲಿಸಿ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಲೆಕ್ಕ ಪ್ರಸಿದ್ಧವಾಗಿದೆ. ಅಲ್ಲಿಯ ಸರಾಸರಿ 3.5 ಕೆ.ಜಿ., ಇಲ್ಲಿಯದು 2.7. ಸೋಜಿಗವೆಂದರೆ, ನಮ್ಮ ಕೂಸಿನ ಸ್ನಾಯು, ಹೊಟ್ಟೆಯೊಳಗಿನ ಅಂಗಾಂಗ ಎಲ್ಲವೂ ಅಲ್ಲಿಯ ಕೂಸಿಗಿಂತ ಸಾಕಷ್ಟು ಸಣ್ಣ. ಚರ್ಮದ ಕೆಳಗಿನ ಕೊಬ್ಬು ಮಾತ್ರ ಅಷ್ಟೊಂದು ಹಿಂದೆ ಬಿದ್ದಿರಲಿಲ್ಲ. 'ತೆಳುವಾದರೂ ಕೊಬ್ಬಿದ ಭಾರತೀಯ ಶಿಶು' ಎಂದು ಅವರು ಅದನ್ನು ವರ್ಣಿಸಿದರು. ಆದ್ದರಿಂದ ಇಂಗ್ಲೆಂಡಿನಲ್ಲಿ 'ಸಾಧಾರಣ' ಎನಿಸುವ ಮೂರೂವರೆ ಕೆ.ಜಿ.ಯ ಮಗು, ನಮ್ಮ ಊರಿನ ಐದಡಿಗೂ ಕಡಿಮೆ ಎತ್ತರದ ತಾಯಿಗೆ ದೊಡ್ಡ ಮಗುವೇ ಸರಿ.

ನಮ್ಮ ದೇಶದಲ್ಲಿ ಇಂದಿಗೂ ಹೆಚ್ಚಿನ ಸಂಕಟ ಸಣ್ಣ ಮಕ್ಕಳದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ತೂಕ ದಾಖಲಾದ ಮಕ್ಕಳಲ್ಲಿ ನೂರಕ್ಕೆ 18 ಕೂಸುಗಳು ಎರಡೂವರೆ ಕೆ.ಜಿ.ಗಿಂತ ಕಡಿಮೆ ತೂಗುತ್ತವೆ. ಮುಂದೆ ಹೇಳುವುದನ್ನು ಓದಿ ಯಾವ ಬಸುರಿಯೂ ತಟ್ಟೆಯಿಂದ ಅನ್ನ ತೆಗೆದಿಡಬಾರದು.

ಕುದುರೆಗಳು ಹೇಳಿದ ಪಾಠ

ಹುಟ್ಟುವ ಮಗುವಿನ ಗಾತ್ರವನ್ನು ತೀರ್ಮಾನಿಸುವವರು ಯಾರು? ತಂದೆಯೋ, ತಾಯಿಯೋ? ಅನುವಂಶೀಯತೆಯ ಪಾಠ ಓದಿದ ವಿದ್ಯಾರ್ಥಿ ಕೂಡಲೇ 'ಇಬ್ಬರೂ ಅರ್ಧರ್ಧ' ಎನ್ನುತ್ತಾನೆ. ಉತ್ತರ ತಪ್ಪಲ್ಲ, ಆದರೆ ಪೂರ್ತಿಯೂ ಅಲ್ಲ.

1938ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ವಾಲ್ಟನ್ ಮತ್ತು ಹ್ಯಾಮಂಡ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಸೊಗಸಾದ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಶೈರ್ ಎಂಬುದು ಭಾರ ಎಳೆಯುವ ದೈತ್ಯ ಕುದುರೆ. ಶೆಟ್ಲೆಂಡ್ ಎಂಬುದು ಮಕ್ಕಳು ಸವಾರಿ ಮಾಡುವಷ್ಟು ಗಿಡ್ಡ ಕುದುರೆ. ಇವೆರಡರ ಮಿಶ್ರ ತಳಿಯನ್ನು ಕೃತಕ ಗರ್ಭಧಾರಣೆಯಿಂದ ಎರಡು ರೀತಿಯಲ್ಲಿ ಪಡೆದರು. ಒಮ್ಮೆ ದೈತ್ಯ ತಾಯಿ, ಗಿಡ್ಡ ತಂದೆ. ಇನ್ನೊಮ್ಮೆ ಗಿಡ್ಡ ತಾಯಿ, ದೈತ್ಯ ತಂದೆ. ಎರಡು ಮರಿಗಳಲ್ಲೂ ಎರಡೂ ತಳಿಗಳ ಪಾಲು ಸಮ. ಹಾಗಿದ್ದರೂ ದೈತ್ಯ ತಾಯಿಯ ಮರಿ, ಗಿಡ್ಡ ತಾಯಿಯ ಮರಿಗಿಂತ ಸುಮಾರು ಮೂರು ಪಟ್ಟು ತೂಗಿತು. ಗಿಡ್ಡ ತಾಯಿ ತನ್ನ ಹೊಟ್ಟೆಯೊಳಗಿನ ಮರಿಗೆ ತನ್ನ ಜಾತಿಯ ಮರಿಗಿಂತ ಹೆಚ್ಚು ಬೆಳೆಯಲು ಬಿಟ್ಟಿರಲಿಲ್ಲ!

ತಂದೆಯ ಕಡೆಯಿಂದ ಬಂದ 'ಬೆಳೆ' ಎಂಬ ಆಜ್ಞೆಗೆ ತಾಯಿಯ ಗರ್ಭ ಒಂದು ಲಗಾಮು ಹಾಕುತ್ತದೆ. ಮರಿ ಹೊರಗೆ ಬರುವ ದಾರಿ ಅವಳದೇ ಅಲ್ಲವೆ? ನಿಸರ್ಗದ ಈ ಲಗಾಮು ಮನುಷ್ಯರಲ್ಲೂ ಇದೆ. ಎತ್ತರದ ತಾಯಿಗೆ ದೊಡ್ಡ ಮಗು, ಗಿಡ್ಡ ತಾಯಿಗೆ ಸಣ್ಣ ಮಗು ಎಂಬುದು ಸಾಮಾನ್ಯ ನಿಯಮ. ಅದರ ತುತ್ತತುದಿಯ ಉದಾಹರಣೆ ಅಮೆರಿಕದ ಓಹಾಯೊ ರಾಜ್ಯದಲ್ಲಿ ಸಿಗುತ್ತದೆ. ಅಲ್ಲಿ ಅನ್ನಾ ಬೇಟ್ಸ್ ಎಂಬ 7 ಅಡಿ 11 ಅಂಗುಲದ ಮಹಿಳೆಗೆ 1879ರ ಜನವರಿಯಲ್ಲಿ ಹುಟ್ಟಿದ ಮಗುವಿನ ತೂಕ 9.98 ಕೆ.ಜಿ. ದಾಖಲೆಯ ಪುಸ್ತಕಗಳಲ್ಲಿ ಅದಿನ್ನೂ ಉಳಿದಿದೆ. ಮಗು ಮಾತ್ರ ಉಳಿದದ್ದು ಕೇವಲ 11 ಗಂಟೆ.

ಎತ್ತರದಂತೆಯೇ, ಯಾರ ಕೈಯಲ್ಲೂ ಇಲ್ಲದ ಇನ್ನೂ ಕೆಲವು ಕಾರಣಗಳಿವೆ. ಗಂಡು ಕೂಸು ಹೆಣ್ಣಿಗಿಂತ ಸರಾಸರಿ ನೂರು ಗ್ರಾಂ ಆಸುಪಾಸು ಹೆಚ್ಚು ತೂಗುತ್ತದೆ. ಚೊಚ್ಚಲ ಮಗುವಿಗಿಂತ ಎರಡನೆಯದು ಸಾಮಾನ್ಯವಾಗಿ ಒಂದಿಷ್ಟು ದೊಡ್ಡದು. ತಾಯಿಯೇ ಹುಟ್ಟುವಾಗ ದಪ್ಪಗಿದ್ದರೆ ಮಗುವೂ ಹಾಗಿರುವ ಸಂಭವ ಹೆಚ್ಚು. ದಿನ ತುಂಬಿದ ಮೇಲೂ ಹೆರಿಗೆಯಾಗದೆ 41, 42ನೇ ವಾರಕ್ಕೆ ಸಾಗಿದರೆ ಆ ದಿನಗಳಲ್ಲೂ ಮಗು ಬೆಳೆಯುತ್ತಲೇ ಇರುತ್ತದೆ. ಈ ಎಲ್ಲಕ್ಕಿಂತ ಬಲವಾದ ಸೂಚನೆ ಎಂದರೆ ಹಿಂದಿನ ಹೆರಿಗೆ. ಒಮ್ಮೆ 4 ಕೆ.ಜಿ. ದಾಟಿದ ಮಗುವನ್ನು ಹೆತ್ತವಳಿಗೆ ಮುಂದಿನ ಸಲವೂ ಹಾಗೆಯೇ ಆಗುವ ಸಾಧ್ಯತೆ ಬಹಳ. ಹಿಂದಿನ ಮಗುವಿನ ತೂಕ ಬರೆದಿರುವ ತಾಯಿ ಕಾರ್ಡನ್ನು ಟ್ರಂಕಿನ ತಳಕ್ಕೆ ಸೇರಿಸದೆ ವೈದ್ಯರಿಗೆ ತೋರಿಸಬೇಕಾದ್ದು ಇದಕ್ಕೇ.

ಬಸಿರಿಗೆ ಮುಂಚಿನ ತಕ್ಕಡಿ

ಇನ್ನು ಕೈಯಲ್ಲಿರುವ ಕಾರಣಗಳು. ಇವುಗಳಲ್ಲಿ ಮೊದಲನೆಯದು ಬಸುರಿಯಾಗುವುದಕ್ಕೂ ಮುಂಚಿನ ತೂಕ. ಅಂದರೆ ವಿಷಯ ಹೆರಿಗೆ ವಾರ್ಡಿನಿಂದ ಹಿಂದೆ ಹಿಂದೆ ಸರಿದು ಕಾಲೇಜಿನ ಬೆಂಚಿನವರೆಗೆ ಬಂದಿತು.

ತೂಕ ಹೆಚ್ಚೋ ಕಡಿಮೆಯೋ ಎಂದು ತಿಳಿಯಲು ಬಿ.ಎಂ.ಐ. ಎಂಬ ಸುಲಭ ಲೆಕ್ಕವಿದೆ. ಕೆ.ಜಿ.ಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರಾಯಿತು. 155 ಸೆಂ.ಮೀ. ಎತ್ತರ, 60 ಕೆ.ಜಿ. ತೂಕದ ಯುವತಿಯನ್ನು ತೆಗೆದುಕೊಳ್ಳಿ. 1.55ನ್ನು 1.55ರಿಂದ ಗುಣಿಸಿದರೆ ಸುಮಾರು 2.4, 60ನ್ನು 2.4ರಿಂದ ಭಾಗಿಸಿದರೆ 25. ಜಾಗತಿಕ ಅಳತೆಯಲ್ಲಿ 25 ಎಂದರೆ ಅಧಿಕ ತೂಕದ ಹೊಸ್ತಿಲು. ಏಷ್ಯಾದವರಿಗೆ 23ರಿಂದಲೇ ಎಚ್ಚರಿಕೆ ಬೇಕೆಂದು ತಜ್ಞರು ಹೇಳುತ್ತಾರೆ. ಈ ಯುವತಿಯನ್ನು ನೋಡಿ ಯಾರೂ 'ದಪ್ಪ' ಎನ್ನಲಾರರು. 'ಮೈಕೈ ತುಂಬಿಕೊಂಡಿದ್ದಾಳೆ' ಎಂದು ಮೆಚ್ಚಿಯೇ ಮಾತಾಡುತ್ತಾರೆ. ಕರ್ನಾಟಕದ ಹೆಂಗಸರಲ್ಲಿ ಈ 25ನ್ನು ಮುಟ್ಟಿದವರು ಅಥವಾ ದಾಟಿದವರು 2015–16ರ ಸಮೀಕ್ಷೆಯಲ್ಲಿ ನೂರಕ್ಕೆ 23 ಇದ್ದದ್ದು, 2019–20ರ ಹೊತ್ತಿಗೆ ನೂರಕ್ಕೆ 30 ಆಯಿತು. ನಾಲ್ಕೇ ವರ್ಷದಲ್ಲಿ ಇಷ್ಟು ಏರಿಕೆ ಸಣ್ಣದಲ್ಲ.

ಎರಡನೆಯದು ಬಸಿರಿನಲ್ಲಿ ಏರುವ ತೂಕ. ಎಲ್ಲರಿಗೂ ಒಂದೇ ಲೆಕ್ಕ ಸಲ್ಲದು. ಅಮೆರಿಕದ ವೈದ್ಯಕೀಯ ಸಂಸ್ಥೆಯೊಂದು 2009ರಲ್ಲಿ ಹೊರತಂದ, ಈಗ ಅನೇಕ ಕಡೆ ಬಳಕೆಯಲ್ಲಿರುವ ಮಾರ್ಗಸೂಚಿಯಂತೆ, ಸಾಧಾರಣ ತೂಕದ ಹೆಂಗಸು ಒಂಬತ್ತು ತಿಂಗಳಲ್ಲಿ 11.5ರಿಂದ 16 ಕೆ.ಜಿ.ವರೆಗೆ ಏರಬಹುದು. ಮೊದಲೇ ತೂಕ ಹೆಚ್ಚಿದ್ದವಳಿಗೆ 7ರಿಂದ 11.5 ಕೆ.ಜಿ. ಸಾಕು. ತೆಳ್ಳಗಿದ್ದವಳು ಮಾತ್ರ 12.5ರಿಂದ 18ರವರೆಗೂ ಏರಲಿ ಎನ್ನುತ್ತದೆ ಆ ಪಟ್ಟಿ. ನಮ್ಮ ಹೆಂಗಸರ ಗಾತ್ರಕ್ಕೆ ಈ ಅಂಕಿಗಳನ್ನು ವೈದ್ಯರು ಸ್ವಲ್ಪ ಹಿಗ್ಗಿಸಿ ಕುಗ್ಗಿಸಿ ನೋಡುತ್ತಾರೆ. ಹೆಚ್ಚು ತೂಕದಿಂದ ಶುರು ಮಾಡಿದವಳು ಹೆಚ್ಚು ತೂಕ ಏರಿಸಿಕೊಂಡರೆ ಎರಡೂ ಕೂಡಿ ಮಗುವಿನ ಮೇಲೆ ಬೀಳುತ್ತವೆ ಎಂಬುದು ತಿಳಿದರೆ ಸಾಕು.

ದಾಟುವ ಸಕ್ಕರೆ, ದಾಟದ ಇನ್ಸುಲಿನ್

ತಾಯಿಯ ತೂಕ ಮಗುವಿಗೆ ಹೇಗೆ ತಲುಪುತ್ತದೆ? ಇದನ್ನು ಅರಿಯಲು ಜರಾಯುವನ್ನು, ಅಂದರೆ ಮಗು ಹುಟ್ಟಿದ ಮೇಲೆ ಬೀಳುವ ಮಾಸನ್ನು, ಒಂದು ತನಿಖಾ ಠಾಣೆ ಎಂದು ಭಾವಿಸೋಣ. ತಾಯಿಯ ರಕ್ತದಲ್ಲಿರುವ ಗ್ಲೂಕೋಸ್ ಈ ಠಾಣೆಯನ್ನು ಸಲೀಸಾಗಿ ದಾಟುತ್ತದೆ. ಆ ಕಡೆ ಸಕ್ಕರೆ ಹೆಚ್ಚಿದ್ದರೆ ಈ ಕಡೆಯೂ ಹೆಚ್ಚು. ಆದರೆ ಸಕ್ಕರೆಯನ್ನು ಹತೋಟಿಯಲ್ಲಿಡುವ ತಾಯಿಯ ಇನ್ಸುಲಿನ್ನಿಗೆ ಇಲ್ಲಿ ಪ್ರವೇಶವಿಲ್ಲ. ಸರಕು ಬಂತು, ಅದನ್ನು ಸಂಬಾಳಿಸುವ ಆಳು ಬರಲಿಲ್ಲ!

ಆಗ ಮಗುವಿನ ಪುಟ್ಟ ಮೇದೋಜೀರಕ ಗ್ರಂಥಿಯೇ ಆ ಕೆಲಸಕ್ಕೆ ನಿಲ್ಲುತ್ತದೆ. ಬಂದ ಸಕ್ಕರೆಗೆ ತಕ್ಕಂತೆ ತಾನೇ ಇನ್ಸುಲಿನ್ ಸುರಿಸುತ್ತದೆ. ದೊಡ್ಡವರಲ್ಲಿ ಇನ್ಸುಲಿನ್ ಎಂದರೆ ಸಕ್ಕರೆ ಇಳಿಸುವ ವಸ್ತು ಎಂದಷ್ಟೇ ಪ್ರಸಿದ್ಧ. ಗರ್ಭದಲ್ಲಿ ಅದು ಬೆಳವಣಿಗೆಯ ಹಾರ್ಮೋನಿನಂತೆಯೂ ಕೆಲಸ ಮಾಡುತ್ತದೆ. ಸಕ್ಕರೆಯನ್ನು ಕೊಬ್ಬಾಗಿಸಿ ಭುಜ, ಹೊಟ್ಟೆಯ ಸುತ್ತ ಪೇರಿಸುತ್ತದೆ. 1950ರ ದಶಕದಲ್ಲಿ ಡೆನ್ಮಾರ್ಕಿನ ಯೋರ್ಗನ್ ಪೆಡರ್ಸನ್ ಎಂಬ ವೈದ್ಯ ಮುಂದಿಟ್ಟ ಈ ವಿವರಣೆ ಮೂಲತಃ ಸಕ್ಕರೆ ಕಾಯಿಲೆಯ ತಾಯಂದಿರ ಬಗ್ಗೆ ಹೇಳಿದ್ದು.

ಆರೋಗ್ಯವಂತ ತಾಯಿಗೂ ಇದು ಅನ್ವಯಿಸುತ್ತದೆಯೆ? ಬಸಿರಿನ ಉತ್ತರಾರ್ಧದಲ್ಲಿ ಜರಾಯು ಸುರಿಸುವ ಹಾರ್ಮೋನುಗಳು ತಾಯಿಯ ಇನ್ಸುಲಿನ್ನಿನ ಕೈಕಟ್ಟುತ್ತವೆ. ಮಗುವಿಗೆ ಸಾಕಷ್ಟು ಸಕ್ಕರೆ ಉಳಿಯಲಿ ಎಂಬುದು ನಿಸರ್ಗದ ಏರ್ಪಾಟು. ಹೆಚ್ಚಿನ ತಾಯಂದಿರ ಮೇದೋಜೀರಕ ಇನ್ನಷ್ಟು ದುಡಿದು ಲೆಕ್ಕ ಸರಿದೂಗಿಸುತ್ತದೆ. ಕೆಲವರಲ್ಲಿ ಅದು ಪೂರ್ತಿ ಸೋತು ಗರ್ಭಾವಸ್ಥೆಯ ಮಧುಮೇಹ ಕಾಣಿಸಿಕೊಳ್ಳುತ್ತದೆ. ಇವೆರಡರ ನಡುವೆ, ಅರೆಬರೆ ಸರಿದೂಗಿಸುವ ತಾಯಂದಿರ ದೊಡ್ಡ ಗುಂಪೊಂದಿದೆ. ಪರೀಕ್ಷೆಯಲ್ಲಿ ಇವರು 'ಪಾಸು'. ಆದರೆ 35 ಅಂಕದವನೂ ಪಾಸು, 95 ಅಂಕದವನೂ ಪಾಸು ಎಂಬುದು ಯಾವ ವಿದ್ಯಾರ್ಥಿಗೆ ತಿಳಿಯದು?

ಇದನ್ನು ಅಳೆಯಲೆಂದೇ 9 ದೇಶಗಳ 15 ಕೇಂದ್ರಗಳಲ್ಲಿ ದೊಡ್ಡ ಅಧ್ಯಯನವೊಂದು ನಡೆದು, 2008ರಲ್ಲಿ ಫಲಿತಾಂಶ ಹೊರಬಿತ್ತು. 'ಹ್ಯಾಪೊ' ಎಂಬುದು ಅದರ ಹ್ರಸ್ವನಾಮ. ಸಕ್ಕರೆ ತೀರ ಹೆಚ್ಚಿದ್ದವರನ್ನು ಬೇರ್ಪಡಿಸಿ ಚಿಕಿತ್ಸೆಗೆ ಕಳಿಸಿದ ಮೇಲೆ ಉಳಿದ 23,316 ಬಸುರಿಯರ ರಕ್ತದ ಸಕ್ಕರೆಯನ್ನು ಅವರಿಗೂ ಅವರ ವೈದ್ಯರಿಗೂ ತಿಳಿಸದೆ ದಾಖಲಿಸಿ, ಮಕ್ಕಳು ಹುಟ್ಟಿದ ಮೇಲೆ ತಾಳೆ ನೋಡಿದರು. ಬರಿ ಹೊಟ್ಟೆಯ ಸಕ್ಕರೆ 75 ಮಿಲಿಗ್ರಾಂಗಿಂತ ಕಡಿಮೆ ಇದ್ದ ತಾಯಂದಿರಲ್ಲಿ ನೂರಕ್ಕೆ 5 ಮಂದಿಗೆ ದೊಡ್ಡ ಮಗು ಹುಟ್ಟಿತ್ತು. 100 ಅಥವಾ ಅದಕ್ಕಿಂತ ಹೆಚ್ಚಿದ್ದವರಲ್ಲಿ ನೂರಕ್ಕೆ 26 ಮಂದಿಗೆ! ಇವೆರಡರ ನಡುವೆ ಎಲ್ಲಿಯೂ ಮೆಟ್ಟಿಲಿಲ್ಲ. ಇಳಿಜಾರಿನ ದಾರಿಯಂತೆ ಒಂದೇ ಸಮನಾದ ಏರಿಕೆ. 'ಇಲ್ಲಿಯವರೆಗೆ ಆರೋಗ್ಯ, ಇಲ್ಲಿಂದ ಕಾಯಿಲೆ' ಎಂಬ ಗೆರೆ ವೈದ್ಯರು ತಮ್ಮ ಅನುಕೂಲಕ್ಕೆ ಎಳೆದುಕೊಂಡದ್ದೇ ಹೊರತು, ಹೊಟ್ಟೆಯೊಳಗಿನ ಮಗುವಿಗೆ ಅದು ಗೊತ್ತಿಲ್ಲ.

ಮೈಸೂರಿನ ಹಳೆಯ ರಿಜಿಸ್ಟರುಗಳು

ಈ ವಿಷಯದಲ್ಲಿ ಜಗತ್ತಿನ ಗಮನ ಸೆಳೆದ ಕೆಲಸ ನಮ್ಮ ಮೈಸೂರಿನಲ್ಲೇ ನಡೆದಿದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರಿನ ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಅಲ್ಲಿ 1934ರಿಂದಲೂ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಅಳೆದು ರಿಜಿಸ್ಟರಿನಲ್ಲಿ ಬರೆದಿಡುವ ಪದ್ಧತಿ ಇತ್ತು. ಅಂದು ಟೇಪು ಹಿಡಿದ ದಾದಿಯರಿಗೆ, ಈ ಅಂಕಿಗಳನ್ನು ಅರ್ಧ ಶತಮಾನದ ಮೇಲೆ ಯಾರೋ ಬಂದು ಓದುತ್ತಾರೆಂಬ ಕಲ್ಪನೆ ಇದ್ದಿರಲಾರದು.

1990ರ ದಶಕದಲ್ಲಿ ಸೌತಾಂಪ್ಟನ್ನಿನ ಡಾ. ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ಸಂಗಡಿಗರು ಈ ರಿಜಿಸ್ಟರುಗಳನ್ನು ಹಿಡಿದು, ಆಸ್ಪತ್ರೆಯ ಸುತ್ತಮುತ್ತ ವಾಸವಾಗಿದ್ದ, ಅಲ್ಲಿಯೇ ಹುಟ್ಟಿದ ಮಧ್ಯವಯಸ್ಕರನ್ನು ಹುಡುಕಿದರು. 1996ರಲ್ಲಿ ಪ್ರಕಟವಾದ, 517 ಮಂದಿಯ ಪರೀಕ್ಷೆಯ ಫಲಿತಾಂಶ, ಸಣ್ಣಗೆ ಹುಟ್ಟಿದವರಿಗೆ ಹೃದ್ರೋಗ ಹೆಚ್ಚು ಎಂದಿತು. 45 ದಾಟಿದವರಲ್ಲಿ, ಎರಡೂವರೆ ಕೆ.ಜಿ. ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದವರ ಪೈಕಿ ನೂರಕ್ಕೆ 11 ಮಂದಿಗೆ ಹೃದ್ರೋಗ, 3.2 ಕೆ.ಜಿ. ಮುಟ್ಟಿದವರಲ್ಲಿ ನೂರಕ್ಕೆ 3 ಮಾತ್ರ. ಹಾಗಾದರೆ ದಪ್ಪಗೆ ಹುಟ್ಟುವುದೇ ಒಳ್ಳೆಯದಾಯಿತಲ್ಲ? ಅವಸರ ಬೇಡ. 1998ರಲ್ಲಿ ಅದೇ ತಂಡ ಸಕ್ಕರೆ ಕಾಯಿಲೆಯ ಲೆಕ್ಕ ಹಾಕಿದಾಗ ಚಿತ್ರ ತಿರುಗಿತು. ಉದ್ದಕ್ಕೆ ಹೋಲಿಸಿದರೆ ತೂಕ ಹೆಚ್ಚಿದ್ದ, ಅಂದರೆ ಗಿಡ್ಡಗೆ ದುಂಡಗೆ ಹುಟ್ಟಿದವರಲ್ಲಿ, ಮತ್ತು ಯಾರ ತಾಯಂದಿರು ತೂಕವಾಗಿದ್ದರೋ ಅವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚಾಗಿ ಕಂಡಿತು.

ಆ ತಾಯಂದಿರಿಗೆ ಬಸಿರಿನಲ್ಲಿ ಸಕ್ಕರೆ ಏರಿತ್ತೆ? ಹಳೆಯ ರಿಜಿಸ್ಟರು ಅದನ್ನು ಹೇಳಲಾರದು. ಆದ್ದರಿಂದ 1997–98ರಲ್ಲಿ ಅದೇ ಆಸ್ಪತ್ರೆಗೆ ಬಂದ ಬಸುರಿಯರಿಗೆ ಗ್ಲೂಕೋಸ್ ನೀರು ಕುಡಿಸಿ ರಕ್ತ ಪರೀಕ್ಷಿಸಿದರು. 'ಪಾರ್ಥೆನಾನ್ ಅಧ್ಯಯನ' ಎಂಬುದು ಅದರ ಹೆಸರು. ಪರೀಕ್ಷೆಗೊಳಗಾದ 785 ತಾಯಂದಿರಲ್ಲಿ ನೂರಕ್ಕೆ 6ರಷ್ಟು ಮಂದಿಗೆ ಗರ್ಭಾವಸ್ಥೆಯ ಮಧುಮೇಹವಿತ್ತು. ಅವರ ಮಕ್ಕಳ ಸರಾಸರಿ ತೂಕ ಸುಮಾರು 3.3 ಕೆ.ಜಿ.; ಉಳಿದವರದು 3 ಕೆ.ಜಿ.ಗೆ ತುಸು ಕಡಿಮೆ. ನೆನಪಿರಲಿ, 3.3 ಕೆ.ಜಿ. ಎಂದರೆ ಯಾವ ಅಜ್ಜಿಯೂ ಹುಬ್ಬೇರಿಸದ ತೂಕ. ಇನ್ನೂ ಮುಖ್ಯವಾದದ್ದು, ಮಧುಮೇಹವಿಲ್ಲವೆಂದು ತೇಲಿದ ತಾಯಂದಿರಲ್ಲಿಯೂ, ರಕ್ತದ ಸಕ್ಕರೆ ಹೆಚ್ಚಿದ್ದಷ್ಟೂ ಮಗು ದುಂಡಗಿತ್ತು. ಡಾ. ಜಿ.ವಿ. ಕೃಷ್ಣವೇಣಿಯವರು ಮತ್ತು ಸಂಗಡಿಗರು ಈ ಮಕ್ಕಳನ್ನು ಬೆಳೆಯುತ್ತ ಹೋದಂತೆ ಮತ್ತೆ ಮತ್ತೆ ಕರೆಸಿ ನೋಡಿದ್ದಾರೆ. ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವಯಸ್ಸಿಗೇ ಹೆಚ್ಚು ಕೊಬ್ಬು ಕಂಡಿತು. ಒಂಬತ್ತೂವರೆಯ ಹೊತ್ತಿಗೆ ಗಂಡುಮಕ್ಕಳಲ್ಲೂ ಅದರ ಛಾಯೆ ಬಿತ್ತು.

ಇಬ್ಬರ ಊಟ, ಅರ್ಧ ಊಟ

ನಮ್ಮ ಮನೆಗಳಲ್ಲಿ ಬಸುರಿಯ ಊಟದ ಬಗ್ಗೆ ಎರಡು ವಿರುದ್ಧ ಮಾತುಗಳು ಒಟ್ಟಿಗೇ ಓಡಾಡುತ್ತವೆ. 'ಎರಡು ಜೀವ ಕಣಮ್ಮ, ಇಬ್ಬರ ಊಟ ಮಾಡು' ಎಂಬುದು ಒಂದು. 'ಹೆಚ್ಚು ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ' ಎಂಬುದು ಇನ್ನೊಂದು. ಎರಡನೆಯ ನಂಬಿಕೆಯನ್ನು ಅಮೆರಿಕದ ಮಾನವಶಾಸ್ತ್ರಜ್ಞರಾದ ಮಾರ್ಕ್ ಮತ್ತು ಮಿಮಿ ನಿಕ್ಟರ್ ದಂಪತಿ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಅಧ್ಯಯನ ಮಾಡಿ 1983ರಲ್ಲಿ ಬರೆದಿದ್ದಾರೆ. ಊಟವೂ ಮಗುವೂ ಹೊಟ್ಟೆಯ ಒಂದೇ ಜಾಗವನ್ನು ಹಂಚಿಕೊಳ್ಳುತ್ತವೆ, ಊಟ ಹೆಚ್ಚಾದರೆ ಮಗುವಿಗೆ ಎಡೆ ಸಾಲದು ಎಂಬ ತಿಳಿವಳಿಕೆಯೂ ಅಲ್ಲಿತ್ತು. ಗರ್ಭಕೋಶ ಬೇರೆ, ಜಠರ ಬೇರೆ ಎಂದು ಎಂಟನೇ ತರಗತಿಯ ಹುಡುಗಿಯೂ ಇಂದು ಚಿತ್ರ ಬರೆದು ತೋರಿಸಬಲ್ಲಳು. ಆದರೂ ಆ ಹಳೆಯ ಹೆಂಗಸರ ಭಯವನ್ನು ನಗೆಯಾಡುವಂತಿಲ್ಲ. ಸಿಸೇರಿಯನ್ ಕೈಗೆಟುಕದ ಕಾಲದಲ್ಲಿ ದೊಡ್ಡ ಮಗು ಎಂದರೆ ಪ್ರಾಣಕ್ಕೇ ಸಂಚಕಾರವಾಗಿತ್ತು.

ಇಬ್ಬರ ಊಟವೂ ಸರಿಯಲ್ಲ, ಅರ್ಧ ಊಟವೂ ಸರಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಕುಳಿತು ಕೆಲಸ ಮಾಡುವ ಹೆಂಗಸಿಗೆ ದಿನಕ್ಕೆ 1660 ಕ್ಯಾಲರಿ ಬೇಕು. ಬಸಿರಿನಲ್ಲಿ ಅದರ ಮೇಲೆ 350. ಭಾಗಿಸಿ ನೋಡಿದರೆ ಇದು ಒಂದೂಕಾಲು ಊಟವೂ ಆಗುವುದಿಲ್ಲ! ಎರಡು ಚಪಾತಿ, ಒಂದು ಬಟ್ಟಲು ಬೇಳೆ ಸಾರು, ಹೆಚ್ಚೆಂದರೆ ಅರ್ಧ ಲೋಟ ಹಾಲು. ಬೇಳೆಕಾಳು, ಸೊಪ್ಪು, ಮೊಟ್ಟೆಗಳಿಂದ ಬರುವ ಹೆಚ್ಚಳಕ್ಕೂ, ಸೀಮಂತದ ಸಿಹಿ, ದಿನಕ್ಕೆ ನಾಲ್ಕು ಲೋಟ ಸಕ್ಕರೆ ಹಾಕಿದ ಹಣ್ಣಿನ ರಸದಿಂದ ಬರುವ ಹೆಚ್ಚಳಕ್ಕೂ ಅಜಗಜಾಂತರವಿದೆ. ಬಯಕೆಗೆಂದು ಒಂದು ದಿನ ಹೋಳಿಗೆ ತಿಂದರೆ ಮುಳುಗಿಹೋಗುವುದೇನೂ ಇಲ್ಲ. ದಿನವೂ ಹೋಳಿಗೆಯಾದರೆ ಮಾತು ಬೇರೆ.

ನಡಿಗೆಯ ವಿಷಯವೂ ಅಷ್ಟೇ. ವೈದ್ಯರು ಬೇಡವೆಂದು ಹೇಳದಿದ್ದರೆ ಬಸುರಿ ವಾರಕ್ಕೆ 150 ನಿಮಿಷ ಮೈ ಬೆಚ್ಚಗಾಗುವಷ್ಟು ಓಡಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. 'ಮೆಟ್ಟಿಲು ಹತ್ತಬೇಡ, ಬಗ್ಗಬೇಡ' ಎಂದು ಗಟ್ಟಿಮುಟ್ಟಾದ ಸೊಸೆಯನ್ನು ಒಂಬತ್ತು ತಿಂಗಳು ಮಂಚದ ಮೇಲೆ ಕೂರಿಸುವುದು ಪ್ರೀತಿಯೇ ಇರಬಹುದು, ಉಪಕಾರವಲ್ಲ.

ಭುಜ ಸಿಕ್ಕಿಕೊಂಡಾಗ

ದೊಡ್ಡ ಮಗುವಿನ ಹೆರಿಗೆಯಲ್ಲಿ ಸೂಲಗಿತ್ತಿಯಿಂದ ತಜ್ಞ ವೈದ್ಯರವರೆಗೆ ಎಲ್ಲರೂ ಹೆದರುವ ಗಳಿಗೆಯೊಂದಿದೆ. ತಲೆ ಹೊರಬಂದು, ಭುಜ ತಾಯಿಯ ಕಿಬ್ಬೊಟ್ಟೆಯ ಎಲುಬಿನ ಹಿಂದೆ ಸಿಕ್ಕಿಕೊಳ್ಳುವ ಗಳಿಗೆ. ತಾಯಿಯ ಸಕ್ಕರೆಯಿಂದ ದಪ್ಪಗಾದ ಮಗುವಿನಲ್ಲಿ ಕೊಬ್ಬು ಸೇರುವುದೇ ಭುಜದ ಸುತ್ತ ಎಂಬುದನ್ನು ಇಲ್ಲಿ ನೆನೆಯಬೇಕು. ತಲೆ ಸುಲಭವಾಗಿ ಬಂದಿತೆಂದರೆ ಭುಜವೂ ಬಂದೀತೆಂದು ನಂಬುವಂತಿಲ್ಲ. ಆಗ ಉಳಿಯುವುದು ಕೆಲವೇ ನಿಮಿಷ. ಗಾಬರಿಯಲ್ಲಿ ತಲೆ ಹಿಡಿದು ಎಳೆದರೆ ಕತ್ತಿನಿಂದ ಕೈಗೆ ಹೋಗುವ ನರಗಳು ಜಗ್ಗಿ ತೋಳು ಸೋಲಬಹುದು. ಇಂಥ ಮಕ್ಕಳಲ್ಲಿ ಹೆಚ್ಚಿನವರು ತಿಂಗಳುಗಳಲ್ಲಿ ಚೇತರಿಸಿಕೊಂಡರೂ ಕೆಲವರಿಗೆ ಊನ ಉಳಿಯುತ್ತದೆ. ತಾಯಿಗೆ ಹರಿತ, ಹೆಚ್ಚು ರಕ್ತಸ್ರಾವದ ಅಪಾಯ.

ತರಬೇತಾದ ದಾದಿಯರು ಮಾಡುವ ಮೊದಲ ಕೆಲಸ ಬಹಳ ಸರಳ. ತಾಯಿಯ ಎರಡೂ ಮೊಣಕಾಲುಗಳನ್ನು ಹೊಟ್ಟೆಯ ಕಡೆಗೆ ಚೆನ್ನಾಗಿ ಮಡಿಸುವುದು. ಇದರಿಂದ ಸೊಂಟದ ಎಲುಬಿನ ಕೋನ ಬದಲಾಗಿ ಅನೇಕ ಸಲ ಭುಜ ಸಡಿಲಗೊಳ್ಳುತ್ತದೆ. ಮಾಡಬಾರದ ಕೆಲಸವೆಂದರೆ ಮೇಲಿನಿಂದ ಹೊಟ್ಟೆಯನ್ನು ಅದುಮಿ ತಳ್ಳುವುದು. ಅದರಿಂದ ಭುಜ ಇನ್ನಷ್ಟು ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. 'ಸ್ವಲ್ಪ ಹೊಟ್ಟೆ ಅದುಮಿ' ಎನ್ನುವ ಅಭ್ಯಾಸ ಎಲ್ಲೆಲ್ಲಿ ಉಳಿದಿದೆಯೋ ಅಲ್ಲೆಲ್ಲ ಅದು ನಿಲ್ಲಬೇಕು.

ಹಾಗಾದರೆ ಸ್ಕ್ಯಾನ್ ಮಾಡಿಸಿ, ಮಗು ದೊಡ್ಡದೆಂದು ಕಂಡರೆ ಸಿಸೇರಿಯನ್ ಮಾಡಿಸಿಬಿಟ್ಟರಾಯಿತಲ್ಲ ಎಂದು ಪೋಷಕರು ಕೇಳುತ್ತಾರೆ. ಸ್ಕ್ಯಾನ್ ಮಗುವನ್ನು ತೂಗುವುದಿಲ್ಲ. ತಲೆ, ಹೊಟ್ಟೆ, ತೊಡೆಯೆಲುಬಿನ ಅಳತೆಗಳಿಂದ ತೂಕವನ್ನು ಊಹಿಸುತ್ತದೆ. ಆ ಊಹೆ ನೂರಕ್ಕೆ ಹತ್ತರಷ್ಟು ಆಚೀಚೆ ಆಗುವುದು ಸಾಮಾನ್ಯ. 3.9 ಕೆ.ಜಿ. ಎಂದು ಬರೆದ ಮಗು ಹುಟ್ಟಿದಾಗ 3.5 ಇರಬಹುದು, 4.3 ಕೂಡ ಇರಬಹುದು. ಮೇಲಾಗಿ ಭುಜ ಸಿಕ್ಕಿಕೊಳ್ಳುವ ಪ್ರಸಂಗಗಳಲ್ಲಿ ಅರ್ಧದಷ್ಟು 4 ಕೆ.ಜಿ.ಗಿಂತ ಕಡಿಮೆ ತೂಕದ ಮಕ್ಕಳಲ್ಲೇ ನಡೆಯುತ್ತವೆ. ಆದ್ದರಿಂದ ಒಂದು ಅಂಕಿ ನೋಡಿ ಚಾಕು ಎತ್ತುವುದಕ್ಕಿಂತ, ತಾಯಿಯ ಎತ್ತರ, ಹಿಂದಿನ ಹೆರಿಗೆ, ಸಕ್ಕರೆ ಎಲ್ಲವನ್ನೂ ಕೂಡಿಸಿ ನೋಡುವ ವೈದ್ಯರ ಮಾತಿಗೆ ಬೆಲೆ ಹೆಚ್ಚು. ಹೆರಿಗೆ ಎಲ್ಲಿ ಎಂಬ ತೀರ್ಮಾನಕ್ಕಂತೂ ಈ ಮಾಹಿತಿ ಬೇಕೇ ಬೇಕು. ಹಿಂದಿನ ಮಗು 4 ಕೆ.ಜಿ. ದಾಟಿದ್ದವಳು ಆಪರೇಷನ್ ಸೌಕರ್ಯವಿಲ್ಲದ ಕಡೆ ಹೆರಿಗೆಗೆ ಕೂರಬಾರದು.

ಒಂದು ಲೋಟ ಗ್ಲೂಕೋಸ್ ನೀರು

ತಾಯಿ ಆರೋಗ್ಯವಂತೆ ಎಂಬ ಒಂದೇ ಕಾರಣಕ್ಕೆ ತಪ್ಪಿಹೋಗುವ ಪರೀಕ್ಷೆ ಒಂದಿದೆ. 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿಲಿಲೀಟರ್ ನೀರಿನಲ್ಲಿ ಕರಗಿಸಿ ಕುಡಿದು, ಎರಡು ಗಂಟೆಯ ಮೇಲೆ ರಕ್ತ ಕೊಡುವುದು. 140 ಮಿಲಿಗ್ರಾಂ ಮುಟ್ಟಿದರೆ ಗರ್ಭಾವಸ್ಥೆಯ ಮಧುಮೇಹ ಎಂದು ತೀರ್ಮಾನ. ಚೆನ್ನೈನ ಡಾ. ವಿ. ಶೇಷಯ್ಯನವರು ಮತ್ತು ಅವರ ಬಳಗ ನಮ್ಮ ದೇಶದ ಸ್ಥಿತಿಗೆ ಹೊಂದಿಸಿದ ವಿಧಾನವಿದು. ಉಪವಾಸ ಬರಬೇಕೆಂಬ ಕಟ್ಟುಪಾಡಿಲ್ಲದಿರುವುದೇ ಇದರ ಹಿರಿಮೆ. ಬೆಳಗಿನ ಬಸ್ಸು ಹಿಡಿದು, ತಿಂಡಿ ತಿಂದು ಆಸ್ಪತ್ರೆಗೆ ಬರುವ ಹಳ್ಳಿಯ ಬಸುರಿಯನ್ನು 'ನಾಳೆ ಬರಿ ಹೊಟ್ಟೆಯಲ್ಲಿ ಬಾ' ಎಂದು ಕಳಿಸಿದರೆ ಅವಳು ನಾಳೆ ಬರುವುದಿಲ್ಲ ಎಂಬುದನ್ನು ಅರಿತವರು ರೂಪಿಸಿದ್ದು. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ಇದನ್ನು ಎಲ್ಲ ಬಸುರಿಯರಿಗೂ ಹೇಳಿದೆ. ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೇ ವಾರದ ನಡುವೆ ಇನ್ನೊಮ್ಮೆ. ಮೊದಲ ಸಲ ಸರಿಯಿದ್ದರೆ ಎರಡನೆಯದನ್ನು ಬಿಟ್ಟುಬಿಡುವವರು ಅನೇಕರು. ಆದರೆ ಜರಾಯುವಿನ ಹಾರ್ಮೋನುಗಳು ಜೋರಾಗುವುದೇ ಆ ಎರಡನೆಯ ಹೊತ್ತಿಗೆ. ಮಗುವಿನ ತೂಕ ಏರುವುದೂ ಅಲ್ಲಿಂದಲೇ. 28ನೇ ವಾರದಲ್ಲಿ ಒಂದು ಕೆ.ಜಿ. ಆಸುಪಾಸಿನಲ್ಲಿದ್ದ ಕೂಸು ಮುಂದಿನ ಮೂರು ತಿಂಗಳಲ್ಲಿ ಮೂರು ಪಟ್ಟಾಗುತ್ತದೆ. ಸಕ್ಕರೆ ಹೆಚ್ಚೆಂದು ತಿಳಿದರೂ ಹೆಚ್ಚಿನ ತಾಯಂದಿರಿಗೆ ಊಟದ ಬದಲಾವಣೆ ಮತ್ತು ನಡಿಗೆಯಷ್ಟೇ ಸಾಕಾಗುತ್ತದೆ. ಕೆಲವರಿಗೆ ಮಾತ್ರ ಔಷಧಿ, ಇನ್ಸುಲಿನ್.

ಇನ್ನು ಆ ಹಿಮ್ಮಡಿಯ ಸೂಜಿ. ಗರ್ಭದಲ್ಲಿ ಹೆಚ್ಚು ಸಕ್ಕರೆಗೆ ಹೊಂದಿಕೊಂಡು ಇನ್ಸುಲಿನ್ ಸುರಿಸುತ್ತಿದ್ದ ಕೂಸಿಗೆ ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣ ಸಕ್ಕರೆಯ ಸರಬರಾಜು ನಿಂತುಹೋಗುತ್ತದೆ. ಆದರೆ ಅದರ ಇನ್ಸುಲಿನ್ ಇನ್ನೂ ಸುರಿಯುತ್ತಲೇ ಇರುತ್ತದೆ. ಫಲವಾಗಿ, ಮೊದಲ ಕೆಲವು ಗಂಟೆಗಳಲ್ಲಿ ರಕ್ತದ ಸಕ್ಕರೆ ತೀರ ಕುಸಿಯಬಹುದು. ನಡುಗು, ಮಂಕು, ಹಾಲು ಚೀಪದಿರುವುದು ಇದರ ಲಕ್ಷಣ; ಗಮನಿಸದೆ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಇದಕ್ಕೆ ಮೊದಲ ಮದ್ದು ತಾಯಿಯ ಹಾಲು, ಅದೂ ಹುಟ್ಟಿದ ಒಂದು ಗಂಟೆಯೊಳಗೆ. 'ದಪ್ಪಗಿದೆ, ಹಸಿವು ತಡೆದುಕೊಳ್ಳುತ್ತದೆ' ಎಂದು ಮಲಗಿಸಿಡುವಂತಿಲ್ಲ. ದಪ್ಪಗಿರುವುದರಿಂದಲೇ ಬೇಗ ಹಾಲೂಡಿಸಬೇಕು. ಬಸಿರಿನಲ್ಲಿ ಸಕ್ಕರೆ ಏರಿದ್ದ ತಾಯಿ ಹೆರಿಗೆಯಾಗಿ ಆರು ವಾರಕ್ಕೆ ತನ್ನದೂ ಒಂದು ಪರೀಕ್ಷೆ ಮಾಡಿಸಿಕೊಳ್ಳಬೇಕು. ಬಾಣಂತನದ ಗಡಿಬಿಡಿಯಲ್ಲಿ ಮರೆತುಹೋಗುವ ದಿನಾಂಕ ಇದು. ಮಗುವಿನ ಆರನೇ ವಾರದ ಲಸಿಕೆಯ ದಿನವೇ ಇದನ್ನೂ ಮುಗಿಸಿದರೆ ಎರಡು ಸಲ ಆಸ್ಪತ್ರೆಗೆ ಅಲೆಯುವುದು ತಪ್ಪುತ್ತದೆ.